ಬೇರೆಯವರ ಹಿರಿಯರ ಮನೆ

ಕ್ಯೋಟೋ ನಿಲ್ದಾಣದಲ್ಲಿ ಸಾನ್‌ಇನ್ ಮಾರ್ಗದ ರೈಲು ಹತ್ತಿದರೆ ಮೊದಲು ಸಿಗುವುದು ಹೊಝು ನದಿಯ ಕಮರಿ. ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಸಿರು ನೀರು ಕಣ್ಣಿಗೆ ಬಿದ್ದು ಮರೆಯಾಗುತ್ತದೆ. ಕಾಮೆಓಕಾ ದಾಟಿದ ಮೇಲೆ ಗದ್ದೆಬಯಲು. ಆಮೇಲೆ ಗುಡ್ಡಗಳು ಹತ್ತಿರ ಬರುತ್ತವೆ: ನಡುವೆ ಒಂದು ಹಳ್ಳ, ಹಳ್ಳದ ಅಂಚಿಗೆ ಮೆಟ್ಟಿಲುಮೆಟ್ಟಿಲಾದ ಗದ್ದೆ, ಗದ್ದೆಯ ಮೇಲ್ದಂಡೆಯಲ್ಲಿ ಕಾಡಿಗೆ ಬೆನ್ನು ಕೊಟ್ಟ ನಾಲ್ಕಾರು ಮನೆ. ಸಾಗರ ಸೀಮೆಯ ಹಳ್ಳಿಯಲ್ಲಿ ಬೆಳೆದ ನನಗೆ ಮನೆಗಳು ಎಲ್ಲಿರುತ್ತವೆ, ನೀರು ಎಲ್ಲಿಂದ ಇಳಿಯುತ್ತದೆ, ಕಾಡುಹಂದಿ ಯಾವ ಕಡೆಯಿಂದ ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವೇಗದ ರೈಲಿನಲ್ಲಿ ಗಂಟೆಯ ಮೇಲೆ ಸ್ವಲ್ಪ ಹೊತ್ತು ಕೂತರೆ ಆಯಾಬೆ. ಯುರಾ ನದಿಯ ದಂಡೆಯ ಊರು, ಜನ ಮೂವತ್ತು ಸಾವಿರದ ಆಸುಪಾಸು. 1896ರಲ್ಲಿ ಗುಂಜೆ ಎಂಬ ರೇಷ್ಮೆ ಕಂಪನಿ ಹುಟ್ಟಿದ್ದು ಇಲ್ಲಿ. ಸುತ್ತಲ ಹಳ್ಳಿಗಳ ಮನೆಮನೆಯಲ್ಲೂ ಆಗ ಹುಳ ಸಾಕುತ್ತಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜೆಮ್‌ಷೆಟ್‌ಜಿ ಟಾಟಾ ಜಪಾನಿನ ರೇಷ್ಮೆ ತಜ್ಞರನ್ನು ಬೆಂಗಳೂರಿಗೆ ಕರೆಸಿದ್ದರು. ಬಸವನಗುಡಿಯ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಅದರ ಗುರುತಾಗಿ ಇನ್ನೂ ಉಳಿದಿದೆ. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ದಿನಗಳಲ್ಲಿ ಆ ಹೆಸರಿನ ಹಿಂದೆ ಜಪಾನ್ ಇದೆಯೆಂದು ನನಗೆ ಹೊಳೆದಿರಲಿಲ್ಲ. ಈಗ ಆಯಾಬೆಯ ಹಳ್ಳಿಯೊಂದರಲ್ಲಿ ನಾನು ಮಲಗುವ ಕೋಣೆಯ ನೆತ್ತಿಯ ಮೇಲೆ, ಹುಲ್ಲು ಮಾಡಿನ ಕೆಳಗಿನ ಅಟ್ಟದಲ್ಲಿ, ಹುಳ ಸಾಕುತ್ತಿದ್ದ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೇ ಇವೆ.

ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳಿಗೆ ಲೆಕ್ಕವಿದೆ. ಸರ್ಕಾರದ 2023ರ ವಸತಿ ಸಮೀಕ್ಷೆಯ ಪ್ರಕಾರ 90 ಲಕ್ಷ ಮನೆಗಳಲ್ಲಿ ಯಾರೂ ವಾಸವಿಲ್ಲ. ದೇಶದ ಒಟ್ಟು ಮನೆಗಳಲ್ಲಿ ನೂರಕ್ಕೆ 13.8ರಷ್ಟು. ಇದರಲ್ಲಿ ಬಾಡಿಗೆಗೆ, ಮಾರಾಟಕ್ಕೆ ಇಟ್ಟವೂ ಸೇರಿವೆ. ಯಾವುದಕ್ಕೂ ಇಡದೆ ಸುಮ್ಮನೆ ಬಾಗಿಲು ಹಾಕಿದವು 38 ಲಕ್ಷ ಮೀರುತ್ತವೆ. ಅರ್ಧಕ್ಕಿಂತ ಹೆಚ್ಚು ಜನ ಅರವತ್ತೈದು ದಾಟಿ, ಊರಿನ ಒಟ್ಟು ಕೆಲಸ ಮಾಡಲು ಕೈಗಳೇ ಸಾಲದ ಹಳ್ಳಿಗಳನ್ನು ಸಮಾಜಶಾಸ್ತ್ರಜ್ಞ ಓನೋ ಅಕಿರಾ ‘ಅಂಚಿನ ಹಳ್ಳಿಗಳು’ ಎಂದು ಕರೆದರು. ಆ ಹೆಸರು ಹಳ್ಳಿಯವರ ಮನಸ್ಸಿಗೆ ನೋವು ತರುತ್ತದೆ. ಆಯಾಬೆ ನಗರಸಭೆ ತನ್ನ ಬೆಟ್ಟದ ತುದಿಯ ಹಳ್ಳಿಗಳಿಗೆ ‘ನೀರಿನ ಮೂಲದ ಊರುಗಳು’ ಎಂದು ಹೆಸರಿಟ್ಟು, ಅವುಗಳನ್ನು ಉಳಿಸಿಕೊಳ್ಳಲು 2007ರಿಂದ ಒಂದು ಕಟ್ಟಳೆಯನ್ನೇ ಜಾರಿಗೆ ತಂದಿತು. ಪೇಟೆಯವರು ಕುಡಿಯುವ ನೀರು ಅಲ್ಲಿ ಹುಟ್ಟುತ್ತದೆ, ಆದ್ದರಿಂದ ಅಲ್ಲಿಯವರ ಯೋಗಕ್ಷೇಮ ಪೇಟೆಯವರಿಗೂ ಸೇರಿದ್ದು ಎಂಬುದು ಅದರ ಹಿಂದಿನ ವಿಚಾರ. ಶರಾವತಿ ಹಿನ್ನೀರಿನ ಪಕ್ಕದಲ್ಲಿ ಹುಟ್ಟಿದ ನಾನು ಇದನ್ನು ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಗಂಡನ ಕೆಲಸಕ್ಕಾಗಿ ನಾವು ಜಪಾನಿಗೆ ಬಂದವರು. ಒಸಾಕಾದ ಎತ್ತರದ ಕಟ್ಟಡವೊಂದರಲ್ಲಿ ಪುಟ್ಟ ಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಕೆಲಸ ಹೆಚ್ಚಾಗಿ ಮನೆಯಿಂದಲೇ ಆಗತೊಡಗಿದ ಮೇಲೆ ಹಳ್ಳಿಯ ವಿಚಾರ ಬಂತು. ಊರೂರಿನ ನಗರಸಭೆಗಳು ಖಾಲಿ ಮನೆಗಳ ಪಟ್ಟಿ ಇಟ್ಟಿರುತ್ತವೆ. ಅದಕ್ಕೆ ‘ಅಕಿಯಾ ಬ್ಯಾಂಕ್’ ಎನ್ನುತ್ತಾರೆ. ಮನೆ ಬಿಡುವವರು ಹೆಸರು ಕೊಡುತ್ತಾರೆ, ಬೇಕಾದವರು ಅರ್ಜಿ ಹಾಕುತ್ತಾರೆ. ವಿದೇಶಿಯರು ಮನೆ, ನಿವೇಶನ ಕೊಳ್ಳಲು ಇಲ್ಲಿ ಅಡ್ಡಿಯಿಲ್ಲ. ಆದರೆ ಮನೆ ಇದೆಯೆಂದು ವೀಸಾ ಸಿಗುವುದಿಲ್ಲ. ಗದ್ದೆಯಾದರೆ ಕೃಷಿ ಸಮಿತಿಯ ಒಪ್ಪಿಗೆ ಬೇಕು. ಇಷ್ಟು ವಿಸ್ತೀರ್ಣಕ್ಕಿಂತ ಕಡಿಮೆ ಕೊಳ್ಳುವಂತಿಲ್ಲ ಎಂಬ ಹಳೆಯ ನಿಯಮವನ್ನು 2023ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ ಕಾರಣ, ಆಯಾಬೆಯ ಪಟ್ಟಿಯಲ್ಲಿ ನಾವು ಮೆಚ್ಚಿದ ಮನೆಯ ಹಿಂದಿನ ತುಂಡು ಹೊಲಕ್ಕೂ ಅರ್ಜಿ ಹಾಕುವುದು ಸಾಧ್ಯವಾಯಿತು.

ತಡವಾದದ್ದು ಕಾಗದಪತ್ರಕ್ಕೆ. ಮನೆ ಇನ್ನೂ ಅಲ್ಲಿದ್ದು ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ಮಕ್ಕಳು, ಮೊಮ್ಮಕ್ಕಳು ಟೋಕಿಯೋ, ನಗೋಯಾ, ಕೋಬೆಯಲ್ಲಿ ಚದುರಿದ್ದರು. ಎಲ್ಲರ ಮೊಹರು ಬಿದ್ದು ಹೆಸರು ಬದಲಾಗದೆ ಮಾರಾಟ ಸಾಧ್ಯವಿಲ್ಲ. ನಮ್ಮಲ್ಲಿ ಪೌತಿ ಖಾತೆ ಆಗದೆ ಎರಡು ತಲೆಮಾರು ಉಳಿದ ಜಮೀನಿನ ಕಥೆಗಳನ್ನು ಕೇಳಿ ಬೆಳೆದವಳಿಗೆ ಇದು ಹೊಸದೇನಲ್ಲ. ಹೊಸದೆನಿಸಿದ್ದು ಸರ್ಕಾರದ ಪಟ್ಟು. 2024ರ ಏಪ್ರಿಲ್‌ನಿಂದ ಇಲ್ಲಿ ಆಸ್ತಿ ಬಂದದ್ದು ತಿಳಿದ ಮೂರು ವರ್ಷದೊಳಗೆ ವಾರಸುದಾರರು ನೋಂದಣಿ ಮಾಡಿಸಲೇಬೇಕು. ಕಾರಣವಿಲ್ಲದೆ ತಪ್ಪಿದರೆ ಒಂದು ಲಕ್ಷ ಯೆನ್‌ವರೆಗೆ ದಂಡ. ಯಾರದೆಂದು ಗೊತ್ತಿಲ್ಲದ ಮನೆಯನ್ನು ಯಾರೂ ರಿಪೇರಿ ಮಾಡುವುದಿಲ್ಲ. ಹಳ್ಳಿಯ ಮನೆಗಳು ಮಳೆಗಿಂತ ಮೊದಲು ಈ ಕಾಗದದ ಗೋಜಲಿನಿಂದಲೇ ಬೀಳತೊಡಗುತ್ತವೆ ಎಂದು ನನಗೆ ಗಟ್ಟಿಯಾಗಿ ಅನಿಸಿದೆ.

ಇಷ್ಟೆಲ್ಲ ಓಡಾಡುವಾಗ ಒಂದು ಮಾತು ನನ್ನನ್ನು ಬಿಡಲಿಲ್ಲ. ಸಾಗರದ ಹತ್ತಿರ ನಮ್ಮದೂ ಒಂದು ಮನೆ ಬಾಗಿಲು ಹಾಕಿಕೊಂಡಿದೆ. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಸೋಗೆ ಹೋಗಿ ಅಜ್ಜನ ಕಾಲದಲ್ಲಿ ಮಂಗಳೂರು ಹಂಚು ಬಂದ ಮಾಡು. ಅಪ್ಪ ಅಮ್ಮ ಹೋದ ಮೇಲೆ ಅಣ್ಣ ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಹೋಗಿ ದೀಪ ಹಚ್ಚಿ ಬರುತ್ತಾನೆ. ನಮ್ಮ ಹಿರಿಯರ ಮನೆ ಹಾಗಿರುವಾಗ ಬೇರೆ ದೇಶದಲ್ಲಿ ಬೇರೆಯವರ ಹಿರಿಯರ ಮನೆಗೆ ಯಾಕೆ ಹಣ ಹಾಕುತ್ತೀರಿ ಎಂದು ಅತ್ತೆ ಫೋನಿನಲ್ಲಿ ಕೇಳಿದರು. ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ನಾವು ಬದುಕುತ್ತಿರುವುದು ಇಲ್ಲಿ, ಬದುಕುವ ಕಡೆಯೇ ಒಲೆ ಹಚ್ಚಬೇಕು ಅತ್ತೆ, ಎಂದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಆಗಿಲ್ಲ.

ಮನೆಯ ಬೀಗ ತೆಗೆದ ದಿನ ಒಳಗೆ ಎಲ್ಲ ಇದ್ದ ಹಾಗೇ ಇತ್ತು. ಕಪಾಟಿನ ತುಂಬ ನೆಂಟರಿಗೆಂದು ಜೋಡಿಸಿಟ್ಟ ಬಟ್ಟಲು, ಮಡಿಸಿದ ಹಾಸಿಗೆಗಳು, ಗೋಡೆಯ ಮೇಲುಗಡೆ ಸಾಲಾಗಿ ಹಿರಿಯರ ಫೋಟೋ. ಒಳಕೋಣೆಯಲ್ಲಿ ಬುತ್ಸುದಾನ್, ಅಂದರೆ ತೀರಿಹೋದವರ ಹೆಸರಿನ ಫಲಕಗಳನ್ನಿಟ್ಟು ಪೂಜಿಸುವ ಮರದ ಗೂಡು. ಅದನ್ನು ಎತ್ತಿ ಬದಿಗಿಡುವಂತಿಲ್ಲ. ಮಾರಿದ ಮನೆಯವರು ದೇವಾಲಯದಿಂದ ಭಿಕ್ಷುವನ್ನು ಕರೆತಂದರು; ಮಂತ್ರ ಹೇಳಿ, ಅದರಲ್ಲಿ ನೆಲೆಸಿದವರನ್ನು ಬೀಳ್ಕೊಟ್ಟ ಮೇಲೆಯೇ ಗೂಡು ಬರಿಯ ಮರವಾಯಿತು. ಜೀರ್ಣೋದ್ಧಾರಕ್ಕೆ ಮುಂಚೆ ಊರಿನ ದೇವಸ್ಥಾನದಲ್ಲಿ ಕಲಾಸಂಕೋಚ ಮಾಡಿ ದೇವರನ್ನು ಕಲಶಕ್ಕೆ ಇಳಿಸಿದ್ದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೆ. ಮನೆಯ ಹಿರಿಯ ಮಗಳು ಒಂದು ಫೋಟೋವನ್ನು ಎದೆಗೊತ್ತಿಕೊಂಡು ಹೊರಗೆ ಬಂದಾಗ ನಾನು ಜಗಲಿಯಿಂದ ಇಳಿದು ಅಂಗಳದಲ್ಲಿ ನಿಂತೆ. ಆ ಹೊತ್ತಿಗೆ ಮನೆ ಇನ್ನೂ ಅವರದೇ.

ಜಗಲಿ ಎಂದೆ. ಇಲ್ಲಿಯವರು ಎಂಗಾವಾ ಎನ್ನುವ, ಮನೆಯ ಮುಂಬದಿಗೆ ಉದ್ದಕ್ಕೂ ಹಲಗೆ ಹಾಸಿದ ಆ ಜಾಗದ ಉಪಯೋಗ ನಮ್ಮ ಜಗಲಿಯದೇ: ಬಂದವರು ಒಳಗೆ ಬಾರದೆಯೂ ಕೂರಬಹುದು, ಕಾಳು ಒಣಗಿಸಬಹುದು, ಮಳೆ ನೋಡಬಹುದು. ಒಳಗೆ ಹೊಕ್ಕರೆ ಮಣ್ಣಿನ ನೆಲದ ದೊಮಾ, ಅದರಲ್ಲಿ ಹಳೆಯ ಅಡುಗೆ ಒಲೆ. ಎರಡು ಅಡಿ ಎತ್ತರದಲ್ಲಿ ಹಲಗೆಯ ನೆಲ, ನಡುವೆ ನೆಲದಲ್ಲೇ ಕೊರೆದ ಬೆಂಕಿಗುಳಿ, ಇರೋರಿ. ತಲೆಮಾರುಗಳ ಹೊಗೆಯಿಂದ ತೊಲೆಗಳೆಲ್ಲ ಕಪ್ಪಾಗಿ ಮಿನುಗುತ್ತಿದ್ದವು. ಹೊಗೆ ಹುಲ್ಲು ಮಾಡನ್ನೂ ಮರವನ್ನೂ ಹುಳುವಿನಿಂದ ಕಾಯುತ್ತದೆ. ಒಲೆ ಆರಿದ ಮನೆಗೆ ಬೇಗ ಹುಳು ಹಿಡಿಯುವುದು ಇದಕ್ಕೇ. ನಮ್ಮ ಮಾಡಿನ ಹುಲ್ಲಿನ ಮೇಲೆ ಯಾವುದೋ ಕಾಲದಲ್ಲಿ ಕೆಂಪು ಬಣ್ಣದ ತಗಡು ಹೊದಿಸಿದ್ದರು. ಹುಲ್ಲು ಹೊದಿಸುವ ಕೈಗಳು ಕಡಿಮೆಯಾದಾಗ ಈ ಸೀಮೆಯಲ್ಲಿ ಬಹಳ ಮನೆಗಳಿಗೆ ಹೀಗೇ ಮಾಡಿದರು. ಹುಲ್ಲು ಮಾಡುಗಳನ್ನು ಹಾಗೇ ಉಳಿಸಿಕೊಂಡ ಊರು ನೋಡಬೇಕೆಂದರೆ ಪಕ್ಕದ ನಾನ್‌ತಾನ್ ನಗರಸಭೆಗೆ ಸೇರಿದ ಮಿಯಾಮಾಕ್ಕೆ ಹೋಗಬೇಕು. ನಾವು ತಗಡನ್ನು ತೆಗೆಯಲಿಲ್ಲ, ಬಣ್ಣ ಬಳಿದೆವು.

ಪೇಟೆಯಿಂದ ಬಂದ ಗುತ್ತಿಗೆದಾರರೊಬ್ಬರು ಒಂದು ಸುತ್ತು ನೋಡಿ, ಕೆಡವಿ ಹೊಸದು ಕಟ್ಟುವುದೇ ಸಲೀಸು ಎಂದರು. ಕೆಳಗಿನ ಮನೆಯ ಅಜ್ಜಿ ತಮಗೆ ಗೊತ್ತಿದ್ದ ಬಡಗಿಯನ್ನು ಕಳಿಸಿದರು. ಎಪ್ಪತ್ತು ದಾಟಿದವರು, ಮಾತು ಕಡಿಮೆ. ಮೊದಲ ದಿನ ಉಪಕರಣವನ್ನೇ ತೆಗೆಯಲಿಲ್ಲ. ಒಂದೊಂದೇ ಕಂಬವನ್ನು ಕೊಡತಿಯಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ತತಾಮಿ ಚಾಪೆ ಎತ್ತಿಸಿ ಹಲಗೆ ಕಿತ್ತು ನೆಲದಡಿಗೆ ತೆವಳಿ ಹೋದರು. ಹಳೆಯ ಜಪಾನಿ ಮನೆಗೆ ತಳಪಾಯವಿಲ್ಲ. ಕಂಬಗಳು ಅಡಿಗಲ್ಲುಗಳ ಮೇಲೆ ಸುಮ್ಮನೆ ನಿಂತಿರುತ್ತವೆ. ದೊಮಾದ ಪಕ್ಕದ ದೊಡ್ಡ ಕಂಬದ ಬುಡ ತೇವ ಕುಡಿದು ಮೆತ್ತಗಾಗಿತ್ತು, ಒರಲೆ ಒಳಗಿಂದ ತಿಂದಿತ್ತು. ಅದು ದೈಕೊಕು-ಬಶಿರಾ, ಮನೆಯ ಭಾರವನ್ನೂ ಮಾನವನ್ನೂ ಹೊತ್ತ ಕಂಬ. ಇಲ್ಲಿಯ ಬಡಗಿಗಳು ಇಂದಿಗೂ ‘ಶಾಕು’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಶಾಕು ಅಂದರೆ 30.3 ಸೆಂಟಿಮೀಟರ್, ನಮ್ಮ ಅಡಿಗಿಂತ ಕೂದಲೆಳೆಯಷ್ಟು ಕಡಿಮೆ. ಅವರು ಹೊರಗೆ ಬಂದು ಮೊಣಕೈ ಮಣ್ಣು ಒರೆಸಿಕೊಂಡು ಹೇಳಿದರು: “ಕೆಟ್ಟಿರುವುದು ಒಂದೂವರೆ ಶಾಕು. ಮೇಲಿನದೆಲ್ಲ ಚೆನ್ನಾಗಿದೆ.”

ಬುಡ ಕೆಟ್ಟರೆ ಬುಡವನ್ನಷ್ಟೇ ಬದಲಿಸುವ ಈ ವಿದ್ಯೆಗೆ ನೆತ್ಸುಗಿ ಎಂದು ಹೆಸರು. ನಾನು ಆ ಇಡೀ ಕೆಲಸವನ್ನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೊದಲು ತೊಲೆಯ ಅಡಿಗೆ ಆಸರೆ ಕೊಟ್ಟು ಜಾಕ್ ಇಟ್ಟರು. ಮನೆ ಮೇಲೇಳುವಷ್ಟೇನೂ ಇಲ್ಲ; ಕಂಬದ ಮೇಲಿನ ಭಾರ ಕಳಚುವಷ್ಟು, ಕೆಲವೇ ಮಿಲಿಮೀಟರ್. ಅಷ್ಟಕ್ಕೇ ಅಟ್ಟದಲ್ಲೆಲ್ಲೋ ಮರ ನರಳಿತು, ಹೊಗೆಯ ಇಲ್ಲಣ ಉದುರಿತು. ಸುಮಿತ್ಸುಬೋ ಎಂಬ ಮಸಿಕುಪ್ಪಿಯಿಂದ ನೂಲು ಎಳೆದು ಕಂಬದ ಮೇಲೆ ಚಿಮ್ಮಿದರು. ನೂಲು ಹೊಡೆದು ಗೆರೆ ಹಾಕುವುದನ್ನು ನಮ್ಮೂರಿನ ಆಚಾರಿಯ ಕೈಯಲ್ಲಿ ನೋಡಿದ್ದವಳು ನಾನು, ಮಸಿಯ ಬಣ್ಣ ಬೇರೆ ಅಷ್ಟೇ. ಗರಗಸ ಮಾತ್ರ ತದ್ವಿರುದ್ಧ: ಇಲ್ಲಿಯದು ಎಳೆದಾಗ ಕೊಯ್ಯುತ್ತದೆ. ಉಜ್ಜುಗೊರಡನ್ನೂ ತಮ್ಮ ಕಡೆಗೇ ಎಳೆಯುತ್ತಾರೆ. ಎಳೆದು ಕೊಯ್ಯುವಾಗ ಅಲಗು ಬಾಗುವುದಿಲ್ಲವಾದ್ದರಿಂದ ಅದನ್ನು ಬಹಳ ತೆಳ್ಳಗೆ ಮಾಡಬಹುದು.

ಹೊಸ ಬುಡಕ್ಕೆ ಆರಿಸಿದ್ದು ಚೆಸ್ಟ್‌ನಟ್ ಮರ, ತೇವಕ್ಕೆ ಬೇಗ ಮಣಿಯದ್ದು. ಹಳೆಯ ಕಂಬದ ಕೊನೆಯನ್ನೂ ಹೊಸ ತುಂಡಿನ ತಲೆಯನ್ನೂ ಒಂದರೊಳಗೊಂದು ಕೂರುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದರು. ಎರಡೂ ಪಕ್ಕದಿಂದ ಸರಿದು ಬಂದು ಸೇರಿದ ಮೇಲೆ ನಡುವಿನ ಚಿಕ್ಕ ತೂತಿಗೆ ಗಟ್ಟಿ ಮರದ ಬೆಣೆ ಹೊಡೆದರು. ಬೆಣೆ ಇಳಿದಂತೆ ಸಂದು ಬಿಗಿಯಾಗುತ್ತ ಹೋಗಿ, ಕೊನೆಗೆ ಉಗುರು ಹಾಕಲೂ ಎಡೆಯಿಲ್ಲದಂತಾಯಿತು. ಮೊಳೆಯಿಲ್ಲ, ಅಂಟಿಲ್ಲ. ಹೆಚ್ಚು ಹೊತ್ತು ಹಿಡಿದದ್ದು ತೀರ ಕೆಳಗಿನ ಕೆಲಸ. ಅಡಿಗಲ್ಲು ಹೊಳೆಯಿಂದ ತಂದ ಒರಟು ಬಂಡೆ. ಕಲ್ಲನ್ನು ಮಟ್ಟ ಮಾಡುವುದಿಲ್ಲ; ಅದರ ಉಬ್ಬುತಗ್ಗುಗಳನ್ನು ಕಂಬದ ತಳಕ್ಕೆ ಗುರುತು ಹಾಕಿ, ಮರವನ್ನೇ ಉಳಿಯಿಂದ ಆ ಆಕಾರಕ್ಕೆ ಕೆತ್ತುತ್ತಾರೆ. ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಕೆರೆಯುವುದು. ಜಾಕ್ ಇಳಿಸಿದಾಗ ಕಂಬ ಕಲ್ಲಿನ ಮೇಲೆ ಕೂತ ಸದ್ದು ನನಗೆ ಕೇಳಿಸಲಿಲ್ಲ. ಬಡಗಿ ತಲೆಯಾಡಿಸಿದ್ದನ್ನು ನೋಡಿ ತಿಳಿದುಕೊಂಡೆ. ಅವರ ಜೊತೆ ಕಲಿಯುವ ಹುಡುಗರು ಯಾರೂ ಇರಲಿಲ್ಲ. ಮನೆ ಖಾಲಿಯಾಗುವುದಕ್ಕಿಂತ ಈ ಕೈಗಳು ಖಾಲಿಯಾಗುವುದು ನನ್ನನ್ನು ಹೆಚ್ಚು ಕಾಡುತ್ತದೆ.

ಕಲ್ಲಿನ ಮೇಲೆ ಸುಮ್ಮನೆ ನಿಂತ ಮನೆ ಭೂಕಂಪಕ್ಕೆ ತಡೆಯುತ್ತದೆಯೇ ಎಂದು ಭಾರತದಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಹಳೆಯ ಬಡಗಿಗಳ ಲೆಕ್ಕ ಬೇರೆ ಇತ್ತು: ಕಂಬಗಳನ್ನು ತೂರಿ ಹೋಗುವ ಅಡ್ಡಪಟ್ಟಿಗಳು, ಮಣ್ಣಿನ ಗೋಡೆಗಳು ನಡುಕವನ್ನು ನುಂಗುತ್ತ ಮನೆ ಓಲಾಡಬೇಕು. 1950ರ ಕಟ್ಟಡ ಕಾಯ್ದೆ ಮನೆಯನ್ನು ಕಾಂಕ್ರೀಟಿಗೆ ಬಿಗಿಯುವ ದಾರಿ ಹಿಡಿಯಿತು. 1981ರಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಹಳೆಯದೆಲ್ಲ ಗಟ್ಟಿ ಎಂದು ನಂಬುವವಳು ನಾನಲ್ಲ. 1995ರ ಜನವರಿಯಲ್ಲಿ ಕೋಬೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಜನ ಮನೆ ಮೈಮೇಲೆ ಬಿದ್ದೇ. 2024ರ ಹೊಸ ವರ್ಷದ ದಿನ ನೋಟೋ ಪರ್ಯಾಯದ್ವೀಪದಲ್ಲಿ ನೆಲಕ್ಕೊರಗಿದ ಹಳೆಯ ಮನೆಗಳ ಚಿತ್ರ ಇನ್ನೂ ಕಣ್ಣಮುಂದಿದೆ. ಆದ್ದರಿಂದ ಅಡುಗೆಮನೆಗಿಂತ ಮುಂಚೆ ಭೂಕಂಪದ ತಪಾಸಣೆ ಮಾಡಿಸಿದೆವು. ಮನೆಯ ನಾಲ್ಕು ಮೂಲೆಯಲ್ಲಿ ಗೋಡೆ ಸಾಲದೆಂದು ತಿಳಿಯಿತು. ಅಲ್ಲಿ ದಪ್ಪ ಮರದ ಜಾಲರಿ ಗೋಡೆಗಳನ್ನು ಕೂರಿಸಿದೆವು. ಬೆಳಕು ಬರುತ್ತದೆ, ಓಲಾಡಿದಾಗ ಸಂದುಗಳು ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಮನೆ ಚೆಂದ ಕಾಣುವುದು ಇದಾದ ಮೇಲಿನ ಮಾತು.

ಗೋಡೆಯ ಕೆಲಸದಲ್ಲಿ ನಾವೂ ಕೈಹಾಕಿದೆವು. ಸೀಳಿದ ಬಿದಿರನ್ನು ಹುಲ್ಲಿನ ಹಗ್ಗದಿಂದ ಜಾಲರಿಯಾಗಿ ಹೆಣೆದು, ಎರಡೂ ಕಡೆಯಿಂದ ಮಣ್ಣು ಮೆತ್ತುವ ಗೋಡೆ ಇದು. ಒಡೆದು ಬಿದ್ದ ಹಳೆಯ ಗೋಡೆಯ ಮಣ್ಣನ್ನು ಎಸೆಯಲು ಹೊರಟಾಗ ಗಾರೆ ಕೆಲಸದವರು ತಡೆದರು. ಹಳೆಯ ಮಣ್ಣೇ ಒಳ್ಳೆಯದು. ಪುಡಿಮಾಡಿ, ನೀರು ಹಾಕಿ, ಹೊಸ ಹುಲ್ಲು ಕತ್ತರಿಸಿ ಸೇರಿಸಿ ತಿಂಗಳುಗಟ್ಟಲೆ ಕೊಳೆಯಲು ಬಿಟ್ಟರೆ ಅಂಟು ಬರುತ್ತದೆ. ಬಿಟ್ಟೆವು. ಗಬ್ಬುವಾಸನೆ ಅಂಗಳ ತುಂಬಿತು. ತುಳಿಯುವ ದಿನ ಕೆಳಗಿನ ಮನೆಯ ಅಜ್ಜಿ, ಅವರ ಮಗ, ಆಚೆ ಕೇರಿಯ ಇಬ್ಬರು, ನಾವಿಬ್ಬರು ಪ್ಯಾಂಟು ಮೊಣಕಾಲಿಗೆ ಮಡಿಸಿ ಇಳಿದೆವು. ಆ ತಣ್ಣನೆಯ ಕೆಸರು ಬೆರಳ ಸಂದಿಯಲ್ಲಿ ಏರಿದಾಗ, ಪರದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ನನ್ನ ಮೈ ಇಲ್ಲಿಗೆ ಒಗ್ಗಿತು ಅನಿಸಿತು. ಮೇಲಿನ ಸಾರಣೆಗೆ ಸುಣ್ಣ, ಸೆಣಬಿನ ನಾರು, ಕಡಲಪಾಚಿ ಕುದಿಸಿದ ಗಂಜಿ. ನಮ್ಮ ಹಿಂದಿನವರು ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದರು ಎಂದಾಗ ಕರಣೆ ಹಿಡಿದವರು ಕೈ ನಿಲ್ಲಿಸಿ ಪ್ರಮಾಣ ಎಷ್ಟೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಊರಿನಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಕಿಟಕಿ ಬಾಗಿಲುಗಳ ಶೋಜಿಗೆ, ಅಂದರೆ ಕಾಗದ ಅಂಟಿಸುವ ಮರದ ಚೌಕಟ್ಟುಗಳಿಗೆ, ಕಾಗದ ತಂದದ್ದು ಆಯಾಬೆಗೇ ಸೇರಿದ ಕುರೊತಾನಿಯಿಂದ. ಕೊಝೋ ಗಿಡದ ತೊಗಟೆಯ ನಾರಿನಿಂದ ಕೈಯಲ್ಲೇ ಕಾಗದ ಎತ್ತುವ ಹಳ್ಳಿ ಅದು. ಎಂಟುನೂರು ವರ್ಷಗಳ ಹಿಂದೆ ಯುದ್ಧದಲ್ಲಿ ಸೋತು ಬಂದ ಹೇಕೆ ಕುಲದವರು ಶುರುಮಾಡಿದರೆಂದು ಪ್ರತೀತಿ. ಉಳಿದ ಕೆಲಸಗಳು, ಗುಂಡಿ ಪಾಯಿಖಾನೆ ತೆಗೆದು ಶುದ್ಧೀಕರಣ ತೊಟ್ಟಿ ಹೂಳಿಸಿದ್ದು, ತಂತಿ ಬದಲಾಯಿಸಿದ್ದು, ಎಲ್ಲೂ ಇರುವಂಥವೇ. ಚಳಿಯದು ಮಾತ್ರ ದೊಡ್ಡ ವಿಚಾರ. ಮನೆಯನ್ನು ಬೇಸಿಗೆಯನ್ನು ನೆನೆದು ಕಟ್ಟಿರೆಂದು 14ನೇ ಶತಮಾನದಲ್ಲೇ ಯೋಶಿದಾ ಕೆಂಕೋ ಎಂಬ ಸನ್ಯಾಸಿ ಬುದ್ಧಿ ಹೇಳಿದ್ದ, ಈ ಮನೆ ಕಟ್ಟಿದವರು ಅದನ್ನು ಚಾಚೂ ತಪ್ಪದೆ ನಡೆಸಿದ್ದರು. ಮೊದಲ ಚಳಿಗಾಲ ಬಟ್ಟಲಿನ ನೀರು ರಾತ್ರಿ ಹೆಪ್ಪುಗಟ್ಟಿತು. ನೆಲದಡಿಗೆ ಮರದ ನಾರಿನ ಹೊದಿಕೆ ಹಾಕಿಸಿ, ಒಂದು ಕೋಣೆಯನ್ನು ಬೆಚ್ಚಗೆ ಮಾಡಿಕೊಂಡು, ಹಿಮ ಬೀಳುವ ತಿಂಗಳುಗಳಲ್ಲಿ ಅಲ್ಲೇ ಉಣ್ಣುತ್ತೇವೆ, ಮಲಗುತ್ತೇವೆ.

ಭಾಷೆ ನಿಧಾನವಾಗಿ ಬಂತು. ವಿಭಕ್ತಿಯಂತೆ ಪದದ ಹಿಂದೆ ಅಂಟುವ ಪ್ರತ್ಯಯ, ಕೊನೆಗೆ ಬರುವ ಕ್ರಿಯಾಪದ, ಇವು ಕನ್ನಡದವರಿಗೆ ಒದಗಿ ಬರುತ್ತವೆ. ಅ, ಇ, ಉ, ಎ, ಒ ಎಂದು ಶುರುವಾಗುವ ಅಕ್ಷರಗಳ ಸಾಲನ್ನು ಬೌದ್ಧ ಭಿಕ್ಷುಗಳು ಸಂಸ್ಕೃತ ವರ್ಣಮಾಲೆ ಓದಿ ಜೋಡಿಸಿದ್ದು. ಊರು ಒಗ್ಗಿದ್ದು ಮಾತಿಗಿಂತ ಹೆಚ್ಚು ಕೆಲಸದಿಂದ. ಗದ್ದೆಗೆ ನೀರು ಬಿಡುವ ಮುಂಚೆ ಎಲ್ಲ ಮನೆಯವರೂ ಸಲಿಕೆ ಹಿಡಿದು ಕಾಲುವೆ ಹೂಳೆತ್ತಬೇಕು, ಬೇಸಿಗೆಯಲ್ಲಿ ದಾರಿಯಂಚಿನ ಹುಲ್ಲು ಹೆರೆಯಬೇಕು, ಕೈರಾನ್‌ಬಾನ್ ಎಂಬ ಸುದ್ದಿಹಲಗೆಯನ್ನು ಓದಿ ಪಕ್ಕದ ಮನೆಗೆ ಮುಟ್ಟಿಸಬೇಕು. ಆ ಹಲಗೆ ಕೊಡುವ ನೆಪದಲ್ಲಿ ಒಂಟಿ ಅಜ್ಜಂದಿರು ಹೇಗಿದ್ದಾರೆಂದು ಊರು ತಿಳಿದುಕೊಳ್ಳುತ್ತದೆ. ಇಲ್ಲಿಯೂ ಮನೆಗಳಿಗೆ ಮನೆತನದ ಹೆಸರಲ್ಲದೆ ಕರೆಯುವ ಹೆಸರು ಬೇರೆ ಇದೆ. ನಮ್ಮದಕ್ಕೆ ‘ಕಾಮಿ’, ಮೇಲಿನದು. ಒಂದು ದಿನ ಅಂಚೆಯವನು ದಾರಿ ಕೇಳಿದಾಗ ಅಜ್ಜಿ ಗದ್ದೆಯಿಂದಲೇ ಕೂಗಿ ಹೇಳಿದರು, “ಓ, ಮೇಲಿನಮನೆಯವರಾ? ಅಲ್ಲಿ, ಕೆಂಪು ಮಾಡು.” ನನ್ನ ತವರಿನ ಮನೆಗೂ ಊರಿನಲ್ಲಿ ಮೇಲಿನಮನೆ ಎಂದೇ ಹೆಸರು.

ಜೂನ್ ಮಳೆಯಲ್ಲಿ ಅಜ್ಜಿ ಉಮೆ ಎಂಬ ಹುಳಿಕಾಯಿಗಳನ್ನು ಉಪ್ಪಿನಲ್ಲಿ ಹಾಕುವಾಗ ನಾನೂ ಕೂರುತ್ತೇನೆ. ಜಾಡಿಯ ಮೇಲೆ ಭಾರದ ಕಲ್ಲು, ಎರಡು ದಿನಕ್ಕೆ ಕಾಯಿ ಬಿಟ್ಟ ನೀರು. ಅಪ್ಪೆಮಿಡಿಯ ಕಥೆ ಹೇಳಿದರೆ ಅವರು ಮೂಸಿ ನೋಡಬೇಕೆಂದು ಆಸೆಪಡುತ್ತಾರೆ. ಅಜ್ಜಿಯ ಮೊಮ್ಮಕ್ಕಳು ಒಸಾಕಾದಲ್ಲಿದ್ದಾರೆ. ಅವರ ಮನೆಗೂ ಮುಂದೆ ಯಾರು ಎಂಬ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಮಲೆನಾಡಿನಲ್ಲಿ ಹಳೆಯ ಮನೆ ಬಿದ್ದರೆ ಕಂಬಗಳಿಗೆ ಬೆಲೆ ಬರುತ್ತದೆ. ಕೆತ್ತಿದ ಬೋದಿಗೆ, ಹೆಬ್ಬಾಗಿಲು ಲಾರಿ ಹತ್ತಿ ರೆಸಾರ್ಟುಗಳಿಗೆ ಹೋಗುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಗ್ರಾಮ ಕಟ್ಟದಿದ್ದರೆ ನಾವು ಎಷ್ಟೋ ಕಳೆದುಕೊಳ್ಳುತ್ತಿದ್ದೆವು, ಅವರಿಗೆ ಕೈಮುಗಿಯುತ್ತೇನೆ. ಆದರೆ ನನಗೆ ಬೇಕಾದದ್ದು ಇದ್ದಲ್ಲೇ ಇದ್ದು ಒಲೆ ಉರಿಯುವ ಮನೆ. ಬಾಗಿಲು ಹಾಕಿದ ಮನೆಗಳದೊಂದು ಪಟ್ಟಿ, ಬಂದವರನ್ನು ಊರಿಗೆ ಪರಿಚಯಿಸುವ ಒಬ್ಬ ನೌಕರ, ಪೌತಿ ಖಾತೆಗೆ ಒಂದು ಗಡುವು: ನಮ್ಮ ಗ್ರಾಮ ಪಂಚಾಯಿತಿಗಳಿಗೆ ಇದು ಆಗದ ಕೆಲಸವೇ? ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಹೋದ ವಾರ ಅಣ್ಣ ಫೋನ್ ಮಾಡಿದ. ನೆತ್ಸುಗಿಯ ಫೋಟೋಗಳನ್ನು ನಾನು ಯಾವತ್ತೋ ಕಳಿಸಿದ್ದೆ, ಅವನು ಆಗ ಏನೂ ಹೇಳಿರಲಿಲ್ಲ.

“ಜಗಲಿ ಮೂಲೆ ಕಂಬ ಕೂತಿದೆ ಮಾರಾಯ್ತಿ, ಮಾಡು ಒಂದು ಕಡೆ ಇಳಿದಿದೆ. ಅದನ್ನ ಹಂಗೆ ಬುಡ ಮಾತ್ರ ಬದಲಾಯಿಸಕ್ಕೆ ಆಗುತ್ತಾ?”

“ಎಷ್ಟು ಮೇಲಿನವರೆಗೆ ಮೆತ್ತಗಾಗಿದೆ ನೋಡಿದ್ಯಾ? ತಟ್ಟಿ ನೋಡಬೇಕು.”

“ನಾನು ಎಲ್ಲಿ ತಟ್ಟಿದೆ.”

ತೊಲೆಗೆ ಆಸರೆ ಎಲ್ಲಿ ಕೊಡಬೇಕು, ಹಂಚು ಮೊದಲೇ ಇಳಿಸಿಕೊಳ್ಳಬೇಕು, ಜಾಕ್ ನಿಧಾನ ಎತ್ತಬೇಕು ಎಂದು ಹೇಳಿದೆ. ಚೆಸ್ಟ್‌ನಟ್ ಅಲ್ಲಿ ಎಲ್ಲಿ ಬರಬೇಕು. ಹಿತ್ತಿಲಲ್ಲಿ ಬಿದ್ದ ಹಲಸಿನ ಮರದ ದಿಮ್ಮಿ ಇನ್ನೂ ಇದೆಯಾ ಎಂದು ಕೇಳಿದೆ. ಇದೆ ಅಂದ. ಬುಡಕ್ಕೆ ಹಲಸಾ, ಮತ್ತಿಯಾ ಎಂದು ಆಚಾರಿಯೇ ಹೇಳಲಿ ಎಂದೆ. ಆಚಾರಿ ಈಗ ಕೆಲಸ ಬಿಟ್ಟಿದ್ದಾರಂತೆ, ಮಗ ಸಾಗರದಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನಂತೆ.

“ಇಬ್ಬರನ್ನೂ ಕರ್ಕೊಂಡು ಹೋಗು,” ಎಂದೆ. “ಆಚಾರಿ ಕುರ್ಚಿ ಮೇಲೆ ಕೂತು ಹೇಳಲಿ, ಮಗ ಮಾಡಲಿ. ಗಾರೆಗೆ ಬೆಲ್ಲ, ಅಳಲೆಕಾಯಿ ಎಷ್ಟು ಹಾಕಬೇಕು ಅಂತಾನೂ ಕೇಳ್ಕೊಂಡು ಬರ್ಕೊ. ಇಲ್ಲಿಯವರಿಗೆ ಬೇಕಂತೆ.”

ಶನಿವಾರ ಹೊರಡುತ್ತೇನೆ ಎಂದಿದ್ದಾನೆ.